ಅರ್ಧ ಸುಂಕದ ನೆನಪು

ಹೊಸಕೋಟೆಯನ್ನು ದಾಟಿ ಕೋಲಾರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಂಕದ ಕಟ್ಟೆಯೊಂದಿರುವುದನ್ನು ವಾಚಕರಲ್ಲಿ ಬಹುಮಂದಿ ಬಲ್ಲರು. ಬೆಳಿಗ್ಗೆ ಸಂಸಾರಸಮೇತ ಕುರುಡುಮಲೆಯ ಗಣಪತಿಯ ದರ್ಶನಕ್ಕೆ ಹೊರಟವರ ಕಾರು ಅಲ್ಲಿ ಕ್ಷಣಕಾಲ ನಿಧಾನಿಸುತ್ತದೆ. ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಮೇಲಿನ ಯಂತ್ರ ಓದುತ್ತದೆ, ಅಡ್ಡಗೋಲು ಮೇಲೇಳುತ್ತದೆ, ಪೂರ್ತಿ ಸುಂಕ ಕಡಿತವಾದ ಸಂದೇಶ ಯಜಮಾನರ ಮೊಬೈಲಿಗೆ ಬರುತ್ತದೆ. ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಕಡಿತವಾಗುವುದು ಅರ್ಧ ಮಾತ್ರ. “ಅಪ್ಪಾ, ನಾವು ಬೆಳಿಗ್ಗೆ ಹೋದದ್ದು ಇವರಿಗೆ ಹೇಗೆ ಗೊತ್ತು?” ಎಂದು ಹಿಂದಿನ ಸೀಟಿನಿಂದ ಮಕ್ಕಳು ಕೇಳುವುದುಂಟು. “ಕಂಪ್ಯೂಟರ್ ಕಣಪ್ಪಾ” ಎಂದು ಹಿರಿಯರು ಮಾತು ಮುಗಿಸಿಬಿಡುತ್ತಾರೆ. ಮಕ್ಕಳ ಪ್ರಶ್ನೆ ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಇಪ್ಪತ್ತನಾಲ್ಕು ಗಂಟೆಗಳೊಳಗೆ ಮರಳಿ ಬಂದರೆ ಎರಡೂ ಪಯಣಕ್ಕೆ ಸೇರಿ ಒಂದೂವರೆ ಪಾಲು ಸುಂಕ ಕೊಟ್ಟರೆ ಸಾಕೆಂಬುದು ೨೦೦೮ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ವಿಧಿ. ಹಿಂದೆ ಈ ನೆನಪಿನ ಭಾರವನ್ನು ಒಂದು ಕಾಗದದ ಚೀಟಿ ಹೊತ್ತಿತ್ತು. ಹೋಗುವಾಗಲೇ ಎರಡು ಪಯಣದ ಹಣ ತೆತ್ತು ಪಡೆದ ಆ ಚೀಟಿಯನ್ನು ಸಂಜೆಯ ತನಕ ಜೋಪಾನ ಮಾಡುವುದು ಪ್ರಯಾಣಿಕನ ಕೆಲಸ. ಕಳೆದುಕೊಂಡರೆ ನಷ್ಟವೂ ಅವನದೇ. ೨೦೨೧ರ ಫೆಬ್ರವರಿ ೧೫ರ ಮಧ್ಯರಾತ್ರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ನೆನಪಿಡುವ ಹೊಣೆ ಯಂತ್ರದ ಮೇಲೆ ಬಿದ್ದಿತು. (ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರು ಕೇಳಿದವರಿಗೆ ಈ ವ್ಯವಹಾರ ಎಷ್ಟು ಹಳೆಯದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.)

ಲೆಕ್ಕ ಮಾಡುವುದರಲ್ಲಿ ಎರಡು ಬಗೆ. ದಿನದ ವಹಿವಾಟನ್ನೆಲ್ಲ ಬರೆದಿಟ್ಟು ರಾತ್ರಿ ಕುಳಿತು ಕೂಡುವುದು ಒಂದು ಬಗೆ. ಸುದ್ದಿ ಬಂದ ಹಾಗೆಯೇ ಲೆಕ್ಕವನ್ನೂ ಮುಗಿಸುವುದು ಇನ್ನೊಂದು. ಇದನ್ನು ಹರಿವಿನ ಗಣನೆ ಎನ್ನಬಹುದು. ಸುಂಕದ ಕಟ್ಟೆಯಲ್ಲಿ ಎರಡನೆಯದೇ ಗತಿ, ಏಕೆಂದರೆ ಹಿಂದೆ ಲಾರಿಗಳ ಸಾಲು ನಿಂತಿರುತ್ತದೆ. ಈ ಹರಿವಿಗೆ ಕೊನೆಯಿಲ್ಲ. ನೆಲಮಂಗಲದ ದಾರಿಯಲ್ಲಾಗಲಿ ದೇವನಹಳ್ಳಿಯ ದಾರಿಯಲ್ಲಾಗಲಿ ವಾಹನಗಳು ಬಾರದ ಗಳಿಗೆ ಎಂಬುದೇ ಇಲ್ಲ. ಕೂಡಿ ಕಳೆಯುವ ಕೆಲಸ ಯಂತ್ರಕ್ಕೆ ಲೀಲೆ. ಕಷ್ಟವಿರುವುದು, ಹರಿದು ಹೋದುದರಲ್ಲಿ ಯಾವುದನ್ನು, ಎಲ್ಲಿ, ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳಬೇಕೆಂಬುದರಲ್ಲಿ. ಹೀಗೆ ಹಿಡಿದಿಟ್ಟ ನೆನಪಿಗೆ ಈ ವಿದ್ಯೆಯವರು ‘ಸ್ಥಿತಿ’ ಎನ್ನುತ್ತಾರೆ. ಇಂತಹ ಕೆಲಸ ಎಲ್ಲಿ ನಡೆದರೂ ಅದರ ಹದ ಒಂದೇ ಆದುದರಿಂದ ಸುಂಕದ ಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ನೆನಪನ್ನು ಇಡುವುದೆಲ್ಲಿ? ದೂರದ ಊರಿನ ದೊಡ್ಡ ಖಾತೆಯಲ್ಲಿಟ್ಟು ಪ್ರತಿ ಕಾರಿಗೂ ಅಲ್ಲಿಗೆ ಕೇಳಿ ಕಳುಹಿಸಿದರೆ ತಡವಾಗುತ್ತದೆ. ಆದುದರಿಂದ ಲೆಕ್ಕ ಮಾಡುವ ಯಂತ್ರದ ಮಗ್ಗುಲಲ್ಲೇ ಅದನ್ನಿಡುವುದು ರೂಢಿ. ಒಂದು ಯಂತ್ರ ಸಾಲದೆ ಹತ್ತು ಯಂತ್ರಗಳು ದುಡಿಯುವಾಗ ಒಂದೊಂದು ಚೀಟಿಯ ಸಂಖ್ಯೆಯನ್ನು ಒಂದೊಂದು ಯಂತ್ರಕ್ಕೆ ಗೊತ್ತುಪಡಿಸುತ್ತಾರೆ. ನಿಮ್ಮ ಕಾರಿನ ಸುದ್ದಿ ಬೆಳಿಗ್ಗೆ ಯಾರ ಬಳಿಗೆ ಹೋಯಿತೋ ಸಂಜೆಯೂ ಅವರ ಬಳಿಗೇ ಹೋಗಬೇಕು; ಬೇರೆಯವರ ಬಳಿಗೆ ಹೋದರೆ ಅರ್ಧ ಸುಂಕದ ಮಾತೇ ಏಳುವುದಿಲ್ಲ.

ಯಂತ್ರದ ಸ್ಮರಣೆ ವೇಗವಾದುದು, ಆದರೆ ಕಿರಿದು. ತಟ್ಟೆಯ ಸಂಗ್ರಹ ವಿಶಾಲವಾದುದು, ಆದರೆ ನಿಧಾನ. ಎರಡನ್ನೂ ಹೊಂದಿಸುವ ಉಪಾಯವನ್ನು ನಮ್ಮ ಹಳೆಯ ಅಂಗಡಿಗಳ ಗುಮಾಸ್ತರು ಬಲ್ಲವರೇ ಆಗಿದ್ದರು. ದೊಡ್ಡಬಳ್ಳಾಪುರದ ಒಬ್ಬ ಸೀರೆ ವ್ಯಾಪಾರಿಯ ಅಂಗಡಿಯನ್ನು ಊಹಿಸಿಕೊಳ್ಳಿ. ನೂಲು ಕೊಟ್ಟದ್ದು, ಸೀರೆ ಬಂದದ್ದು, ಮುಂಗಡ ಸಂದದ್ದು, ಎಲ್ಲವೂ ಬಂದ ಕ್ರಮದಲ್ಲಿ ರೋಜುಕೀರ್ದಿಗೆ ಬೀಳುತ್ತವೆ. ಬಿಡುವಾದಾಗ ಗುಮಾಸ್ತರು ಅವನ್ನು ಹೆಸರುವಾರು ಖಾತೆಗೆ ಏರಿಸುತ್ತಾರೆ. ಫೇಸ್‌ಬುಕ್ ಕಂಪನಿಯಲ್ಲಿ ೨೦೧೨ರಲ್ಲಿ ಆರಂಭವಾದ ರಾಕ್ಸ್‌ಡಿಬಿ ಎಂಬ ಸಂಗ್ರಹ ತಂತ್ರಾಂಶದ ಮರ್ಮವೂ ಇದೇ. ಹೊಸ ಸುದ್ದಿ ಮೊದಲು ಸ್ಮರಣೆಯಲ್ಲಿ ಕೂಡುತ್ತದೆ. ಅದು ತುಂಬಿದೊಡನೆ ಸಂಖ್ಯಾಕ್ರಮದಲ್ಲಿ ಜೋಡಿಸಿ ತಟ್ಟೆಯ ಮೇಲೆ ಹೊಸ ಕಡತವೊಂದನ್ನು ಬರೆಯುತ್ತಾರೆ. ಹಳೆಯ ಕಡತವನ್ನು ತಿದ್ದುವ ಗೋಜಿಲ್ಲ. ಕಡತಗಳು ಹೆಚ್ಚಿದಾಗ ಹಿನ್ನೆಲೆಯಲ್ಲಿ ಅವನ್ನು ಬೆರೆಸಿ, ರದ್ದಾದ ಸಾಲುಗಳನ್ನು ಕಿತ್ತು, ಒಂದೇ ಕಡತ ಮಾಡುತ್ತಾರೆ. ಬೆರೆಸುವ ಈ ಕೆಲಸ ಹಿಂದೆ ಬಿದ್ದರೆ ಓದುವುದೂ ನಿಧಾನವಾಗುತ್ತದೆ. ವಾರಗಟ್ಟಲೆ ಖಾತೆಗೇರಿಸದ ಗುಮಾಸ್ತರ ಅಂಗಡಿಯಂತೆಯೇ.

ನೆನಪಿಡುವುದಕ್ಕಿಂತ ಮರೆಯುವುದು ಕಠಿಣವೆಂದು ನನ್ನ ಅಭಿಪ್ರಾಯ. ಬೆಳಿಗ್ಗೆ ಹೋದ ಕಾರುಗಳಲ್ಲಿ ಎಷ್ಟೋ ಅಂದೇ ಹಿಂದಿರುಗುವುದಿಲ್ಲ. ಕೆಲವು ಬೇರೆ ದಾರಿ ಹಿಡಿಯುತ್ತವೆ. ಅವುಗಳ ಸಾಲನ್ನು ಅಳಿಸುವವರಿಲ್ಲದಿದ್ದರೆ ಸಂಗ್ರಹ ದಿನದಿನಕ್ಕೂ ಉಬ್ಬಿ, ಒಂದು ದಿನ ಯಂತ್ರವೇ ಉಸಿರುಕಟ್ಟಿ ನಿಲ್ಲುತ್ತದೆ. ಅದಕ್ಕಾಗಿ ಪ್ರತಿ ಸಾಲಿಗೂ ಬರೆಯುವಾಗಲೇ ಆಯುಸ್ಸನ್ನು ಗೊತ್ತುಮಾಡುತ್ತಾರೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಅದು ತಾನಾಗಿ ಅಳಿಯತಕ್ಕದ್ದು.

ಆದರೆ ಯಾವ ಗಡಿಯಾರದ ಇಪ್ಪತ್ತನಾಲ್ಕು ಗಂಟೆ? ಇಲ್ಲಿ ತೊಡಕಿದೆ. ನೀವು ಇಪ್ಪತ್ತಮೂರು ಗಂಟೆ ಐವತ್ತೈದು ನಿಮಿಷಕ್ಕೆ ಕಟ್ಟೆಗೆ ಮರಳಿದಿರಿ. ಆಗಲೇ ತಂತಿಯ ಸಂಪರ್ಕ ಕಡಿದು, ಸುದ್ದಿ ಒಂದು ಗಂಟೆ ತಡವಾಗಿ ತಲಪಿತು. ಸುದ್ದಿ ತಲಪಿದ ವೇಳೆಯನ್ನು ಹಿಡಿದರೆ ನಿಮಗೆ ಪೂರ್ತಿ ಸುಂಕ, ಯಂತ್ರ ಚೀಟಿಯನ್ನು ಓದಿದ ವೇಳೆಯನ್ನು ಹಿಡಿದರೆ ಅರ್ಧ. ನ್ಯಾಯ ಎರಡನೆಯದರಲ್ಲಿದೆ. ಹಾಗಾದರೆ ಸಾಲನ್ನು ಗಡುವು ತೀರಿದೊಡನೆ ಅಳಿಸಕೂಡದು. ತಡವಾಗಿ ಬರುವವರಿಗಾಗಿ ಇನ್ನಷ್ಟು ಹೊತ್ತು ಇಟ್ಟಿರಬೇಕು. ಎಷ್ಟು ಹೊತ್ತು? ಹೆಚ್ಚಿಟ್ಟರೆ ಜಾಗ ನಷ್ಟ, ಕಡಿಮೆಯಿಟ್ಟರೆ ಪ್ರಯಾಣಿಕನಿಗೆ ನಷ್ಟ. ಇದು ಕೇವಲ ತರ್ಕವಲ್ಲ. ಫಾಸ್ಟ್ಯಾಗ್ ಪಾವತಿಗಳ ಜಾಲವನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮವು ೨೦೨೫ರ ಜನವರಿ ೨೮ರಂದು ಒಂದು ಸುತ್ತೋಲೆ ಹೊರಡಿಸಿತು. ಚೀಟಿ ಓದಿದ ವೇಳೆಗೆ ಅರವತ್ತು ನಿಮಿಷ ಮುಂಚಿನಿಂದ, ಓದಿದ ಹತ್ತು ನಿಮಿಷಗಳ ನಂತರದವರೆಗೂ ಅದು ಕಪ್ಪುಪಟ್ಟಿಯಲ್ಲೇ ಇದ್ದರೆ ಪಾವತಿಯನ್ನು ತಿರಸ್ಕರಿಸಬೇಕೆಂಬುದು ಅದರ ಸಾರ. ಆ ವರ್ಷದ ಫೆಬ್ರವರಿ ೧೭ರಿಂದ ಅದು ಜಾರಿಗೆ ಬಂದಾಗ ಜನರಲ್ಲಿ ಗಾಬರಿಯುಂಟಾಯಿತು. ಇದು ಬ್ಯಾಂಕುಗಳ ನಡುವಿನ ವಿವಾದ ತೀರಿಸಲು ಮಾಡಿದ ಏರ್ಪಾಡೆಂದು ಹೆದ್ದಾರಿ ಪ್ರಾಧಿಕಾರ ಸಮಾಧಾನ ಹೇಳಬೇಕಾಯಿತು. ಸುತ್ತೋಲೆ ಗಟ್ಟಿಯಾಗಿ ಹಿಡಿದದ್ದು ‘ಓದಿದ ವೇಳೆ’ಯನ್ನು ಎಂಬುದನ್ನು ಮಾತ್ರ ಮೆಚ್ಚಲೇಬೇಕು.

ಇನ್ನು ಆಪತ್ತಿನ ಮಾತು. ನೆನಪನ್ನು ಹೊತ್ತ ಯಂತ್ರವೇ ನಡುಮಧ್ಯಾಹ್ನ ಕೆಟ್ಟರೆ ಗತಿಯೇನು? ಪ್ರತಿ ಬಳಿ ಇರಬೇಕೆಂದು ಯಾರಾದರೂ ಹೇಳುತ್ತಾರೆ. ಹತ್ತು ಯಂತ್ರಗಳು ಎಡೆಬಿಡದೆ ಓಡುತ್ತಿರುವಾಗ, ಒಂದನ್ನೂ ನಿಲ್ಲಿಸದೆ, ಎಲ್ಲವುಗಳ ನೆನಪಿಗೂ ಹೊಂದುವಂತಹ ಪ್ರತಿ ತೆಗೆಯುವುದು ಹೇಗೆ? ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಕೆ. ಮಣಿ ಚಾಂಡಿ ಮತ್ತು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ೧೯೮೫ರಲ್ಲಿ ಪ್ರಕಟಿಸಿದ ಪ್ರಬಂಧ ಈ ಒಗಟನ್ನು ಬಿಡಿಸಿತು. ವಲಸೆಹಕ್ಕಿಗಳು ತುಂಬಿದ ಆಕಾಶವನ್ನು ಹಲವು ಛಾಯಾಗ್ರಾಹಕರು ತುಂಡುತುಂಡಾಗಿ ಚಿತ್ರಿಸಿ, ಹಕ್ಕಿಗಳನ್ನು ನಿಲ್ಲಿಸದೆಯೇ ಒಂದು ಚಿತ್ರ ಮಾಡುವುದಕ್ಕೆ ಅವರು ಇದನ್ನು ಹೋಲಿಸಿದರು. ಇದರ ಹುಟ್ಟಿನ ಕಥೆಯನ್ನು ಲ್ಯಾಂಪೋರ್ಟರೇ ಹೇಳಿದ್ದಾರೆ: ಆಸ್ಟಿನ್ ನಗರದಲ್ಲಿ ರಾತ್ರಿಯೂಟದ ವೇಳೆ ಚಾಂಡಿಯವರು ಪ್ರಶ್ನೆ ಒಡ್ಡಿದರು, ದ್ರಾಕ್ಷಾರಸ ಹೆಚ್ಚಾಗಿದ್ದುದರಿಂದ ಅಂದು ಯೋಚನೆ ಸಾಗಲಿಲ್ಲ. ಮರುದಿನ ಸ್ನಾನ ಮಾಡುವಾಗ ಲ್ಯಾಂಪೋರ್ಟರಿಗೆ ಉತ್ತರ ಹೊಳೆಯಿತು. ಹೇಳಲು ಹೋದರೆ ಚಾಂಡಿಯವರು ಅದೇ ಉತ್ತರವನ್ನು ಹಿಡಿದು ಕಾಯುತ್ತಿದ್ದರು!

ಬರ್ಲಿನ್ನಿನ ಸಂಶೋಧಕರ ಕೆಲಸದಿಂದ ಬೆಳೆದ ಫ್ಲಿಂಕ್ ಎಂಬ ತಂತ್ರಾಂಶ ಈ ವಿಧಾನವನ್ನು ತುಸು ಮಾರ್ಪಡಿಸಿ ಬಳಸುತ್ತದೆ. ಆ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಚುರುಕು ಎಂಬರ್ಥ, ಲಾಂಛನ ಅಳಿಲು. ಕಾಳು ಕೂಡಿಡುವ ಪ್ರಾಣಿಯೇ ಲಾಂಛನವಾದದ್ದು ಉಚಿತವೇ. ಸುದ್ದಿಗಳ ಹರಿವಿನ ನಡುವೆ ಆಗಾಗ ಒಂದು ಗಡಿಕಲ್ಲನ್ನು ತೇಲಿಬಿಡುತ್ತಾರೆ. ಅದು ತನ್ನ ಬಳಿಗೆ ಬಂದೊಡನೆ ಪ್ರತಿಯೊಂದು ಯಂತ್ರವೂ ಅಲ್ಲಿಯವರೆಗಿನ ತನ್ನ ನೆನಪಿನ ಪ್ರತಿಯನ್ನು ದೂರದ ಭದ್ರ ಸಂಗ್ರಹಕ್ಕೆ ಕಳುಹಿಸುತ್ತದೆ. ಎರಡು ಕಡೆಯಿಂದ ಸುದ್ದಿ ಬರುತ್ತಿದ್ದರೆ ಎರಡೂ ಕಡೆಯ ಗಡಿಕಲ್ಲು ಬರುವ ತನಕ ಕಾಯುತ್ತದೆ. ಯಾವುದಾದರೂ ಯಂತ್ರ ಕೆಟ್ಟರೆ ಎಲ್ಲರೂ ಕೊನೆಯ ಗಡಿಕಲ್ಲಿನ ಪ್ರತಿಗೆ ಹಿಂದಿರುಗಿ, ಅಲ್ಲಿಂದ ಮುಂದಿನ ಸುದ್ದಿಗಳನ್ನು ಮತ್ತೆ ಓದುತ್ತಾರೆ. ಹಾಗೆ ಓದಲು ಸುದ್ದಿಗಳು ಎಲ್ಲಿಯಾದರೂ ಉಳಿದಿರಬೇಕಷ್ಟೆ. ಅದಕ್ಕೆ ಕಾಫ್ಕಾದಂತಹ ದಾಸ್ತಾನುಗಳಿವೆ.

ಮತ್ತೆ ಓದಿದರೆ ಹಣ ಮತ್ತೆ ಕಡಿತವಾಗದೆ? ಜಾಣ ವಾಚಕರು ಇಷ್ಟರಲ್ಲಿ ಕೇಳಿಯೇ ಇರುತ್ತಾರೆ. ಯಂತ್ರದೊಳಗಿನ ನೆನಪು ಹಿಂದಕ್ಕೆ ಹೋಗಬಲ್ಲದು. ಬ್ಯಾಂಕಿಗೆ ಹೋದ ಆಜ್ಞೆ ಹಿಂದಕ್ಕೆ ಬಾರದು. ಆದಕಾರಣ ಪ್ರತಿ ವ್ಯವಹಾರಕ್ಕೂ ಬೇರೆಯಾವುದಕ್ಕೂ ಇಲ್ಲದ ಒಂದು ಸಂಖ್ಯೆ ಇರಬೇಕು, ಅದೇ ಸಂಖ್ಯೆ ಎರಡನೆಯ ಬಾರಿ ಬಂದಾಗ ಅದನ್ನು ಗುರುತಿಸಿ ಬಿಟ್ಟುಬಿಡುವ ಎಚ್ಚರ ಬ್ಯಾಂಕಿನ ಕಡೆಯೂ ಇರಬೇಕು. ೨೦೨೫ರ ಆಗಸ್ಟ್ ೧೫ರಂದು ಬಂದ, ಇನ್ನೂರು ಪಯಣಗಳ ಮಿತಿಯ ವಾರ್ಷಿಕ ಪಾಸಿನಲ್ಲಿ ಈ ಎಚ್ಚರ ಮತ್ತಷ್ಟು ಬೇಕು. ಅರ್ಧ ಸುಂಕದ ನೆನಪಿನ ಆಯುಸ್ಸು ಒಂದು ದಿನ; ಪಾಸಿನ ಎಣಿಕೆ ವರ್ಷವಿಡೀ ಬಾಳಬೇಕು. ಒಂದು ಪಯಣ ಎರಡಾಗಿ ಎಣಿಕೆಯಾದರೆ ಹಣ ಕಡಿತವಾಗದ ಕಾರಣ ಅದು ಯಜಮಾನರ ಗಮನಕ್ಕೆ ಬಾರದೆ ಹೋಗಬಹುದು.

ಆದುದರಿಂದ ಮನೆಯ ಲೆಕ್ಕ ಬರೆಯುವ ಗೃಹಿಣಿಯರು ತಿಂಗಳಿಗೊಮ್ಮೆ ಫಾಸ್ಟ್ಯಾಗ್ ಖಾತೆಯ ವಿವರವನ್ನು ತೆರೆದು ನೋಡುವುದು ಒಳ್ಳೆಯದು. ಸಂದೇಶ ಬಂದ ವೇಳೆಯನ್ನಲ್ಲ, ಚೀಟಿ ಓದಿದ ವೇಳೆಯನ್ನು ನೋಡಬೇಕು. ಹೋದ ಹೊತ್ತಿಗೂ ಬಂದ ಹೊತ್ತಿಗೂ ಇಪ್ಪತ್ತನಾಲ್ಕು ಗಂಟೆಗಳೊಳಗಿನ ಅಂತರವಿದ್ದು ಪೂರ್ತಿ ಸುಂಕ ಕಡಿತವಾಗಿದ್ದರೆ, ವ್ಯವಹಾರದ ಸಂಖ್ಯೆಯನ್ನು ಬರೆದುಕೊಂಡು, ಚೀಟಿ ಕೊಟ್ಟ ಬ್ಯಾಂಕಿಗಾಗಲಿ ಹೆದ್ದಾರಿ ಪ್ರಾಧಿಕಾರದ ೧೦೩೩ ದೂರವಾಣಿಗಾಗಲಿ ತಿಳಿಸಬಹುದು.