ಕಟಾಂಗದಲ್ಲಿ ಮಡಿದ ತರುಣ

ಡಿಸೆಂಬರ್ ತಿಂಗಳ ೫ನೆಯ ತಾರೀಖು ವರ್ಷವರ್ಷವೂ ಬರುತ್ತದೆ, ಬಂದಂತೆಯೇ ಹೋಗುತ್ತದೆ. ೧೯೬೧ರಲ್ಲಿ ಆ ದಿನ ಆಫ್ರಿಕಾ ಖಂಡದ ಕಾಂಗೋ ದೇಶದಲ್ಲಿ, ಆಗ ಎಲಿಸಬೆತ್‌ವಿಲ್ ಎಂದೂ ಈಗ ಲುಬುಂಬಾಶಿ ಎಂದೂ ಕರೆಯಿಸಿಕೊಳ್ಳುವ ಪಟ್ಟಣದ ಬಳಿ, ೨೬ ವರ್ಷ ತುಂಬಿ ಆರೇ ದಿನಗಳಾಗಿದ್ದ ಭಾರತೀಯ ತರುಣನೊಬ್ಬನು ಕೊರಳಿಗೆ ಗುಂಡು ತಗುಲಿ ಪ್ರಾಣವನ್ನೊಪ್ಪಿಸಿದನು. ಆತನು ಗೂರ್ಖಾ ಪಡೆಯ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ. ಈ ಹೆಸರು ನಮ್ಮ ವಾಚಕರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ನಾವರಿಯೆವು. ಬೆಂಗಳೂರಿನವರಿಗಾದರೂ ನೆನಪಿರತಕ್ಕದ್ದು, ಏಕೆಂದರೆ ಈತನು ೧೯೪೬ರಲ್ಲಿ ಬಾಲಕನಾಗಿ ಬಂದು ಸೇರಿದ್ದು ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜನ್ನು. ಎದೆಯ ಅಳತೆ ಸಾಲದೆಂದು ವೈದ್ಯರು ಮೊದಲೊಮ್ಮೆ ಹಿಂದಕ್ಕೆ ಕಳುಹಿದರೆಂದೂ, ಹುಡುಗನು ಕಸರತ್ತು ಮಾಡಿ ಎದೆಯನ್ನು ಬೆಳೆಸಿಕೊಂಡು ಮತ್ತೆ ಬಂದನೆಂದೂ ಹೇಳುವುದುಂಟು.

ಆತನು ಹುಟ್ಟಿದ ಹಳ್ಳಿ ಪಂಜಾಬದ ಶಕರ್‌ಗಢದ ಕಡೆಯದು. ೧೯೪೭ರಲ್ಲಿ ದೇಶದ ಮೇಲೆ ಗೆರೆಯನ್ನೆಳೆದವರು ಶಕರ್‌ಗಢವನ್ನು ಆಚೆಗೆ ಹಾಕಿದರು. ಮನೆಯವರು ಗುರುದಾಸಪುರ ಜಿಲ್ಲೆಗೆ ಬಂದು ನೆಲಸಿದರು. ಬಾಲಕನನ್ನು ಬೆಂಗಳೂರಿನಿಂದ ಜಾಲಂಧರದ ಕಾಲೇಜಿಗೆ ವರ್ಗ ಮಾಡಿದರು. ನಾಡು ಒಡೆದರೆ ಏನಾಗುವುದೆಂಬುದನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವು ಆ ಹುಡುಗನಿಗಿರಲಿಲ್ಲ. ಹದಿನಾಲ್ಕು ವರ್ಷಗಳ ತರುವಾಯ ಆತನು ಮಡಿದದ್ದು ಇನ್ನೊಬ್ಬರ ನಾಡು ಒಡೆಯದಿರಲೆಂದು.

ಕಾಂಗೋ ದೇಶವು ೧೯೬೦ರ ಜೂನ್ ೩೦ರಂದು ಬೆಲ್ಜಿಯಮಿನವರಿಂದ ಬಿಡುಗಡೆ ಹೊಂದಿತು. ಹದಿನೈದು ದಿನಗಳು ತುಂಬುವ ಮೊದಲೇ, ತಾಮ್ರದ ಗಣಿಗಳಿಂದ ಸಂಪನ್ನವಾದ ಕಟಾಂಗ ಪ್ರಾಂತವು ಶೋಂಬೆ ಎಂಬಾತನ ಮುಂದಾಳುತನದಲ್ಲಿ ತಾನು ಬೇರೆಯೆಂದು ಸಾರಿಕೊಂಡಿತು. ಅವನ ಬೆನ್ನಿಗೆ ಗಣಿಯ ಕಂಪೆನಿಯ ಹಣವೂ ಐರೋಪ್ಯ ಕೂಲಿ ಸೈನಿಕರೂ ಇದ್ದರು. ಪ್ರಧಾನಿಯಾಗಿದ್ದ ಲುಮುಂಬಾ ೧೯೬೧ರ ಜನವರಿಯಲ್ಲಿ ಅದೇ ಕಟಾಂಗದಲ್ಲಿ ಕೊಲೆಗೀಡಾದನು. ವಿಶ್ವಸಂಸ್ಥೆಯ ಸೇನೆ ದೇಶದಲ್ಲಿದ್ದೂ ಅದನ್ನು ತಪ್ಪಿಸಲಾಗಲಿಲ್ಲ. ಆ ಕಳಂಕವನ್ನು ಮುಚ್ಚುವುದು ನಮ್ಮ ಉದ್ದೇಶವಲ್ಲ. ಭದ್ರತಾ ಮಂಡಳಿಯು ಕೊನೆಗೆ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಭಾರತವು ಸುಮಾರು ೩,೦೦೦ ಯೋಧರ ಬ್ರಿಗೇಡೊಂದನ್ನು ಕಳುಹಿಸಿತು.

ಡಿಸೆಂಬರ್ ೫ರಂದು ಕಟಾಂಗದ ಸಶಸ್ತ್ರ ಪಡೆಯವರು ವಿಶ್ವಸಂಸ್ಥೆಯ ಠಾಣೆಗೂ ವಿಮಾನನಿಲ್ದಾಣಕ್ಕೂ ನಡುವಣ ರಸ್ತೆಯನ್ನು ಅಡ್ಡಗಟ್ಟಿದ್ದರು. ಅದನ್ನು ತೆರವು ಮಾಡಲು ಗೂರ್ಖಾ ದಳವೊಂದು ಹೊರಟಿತು. ಓಡಿಹೋಗುವವರನ್ನು ನಿಲ್ದಾಣದ ಕಡೆಯಿಂದ ತಡೆಯುವುದು ಸಲಾರಿಯಾನ ಕೆಲಸ. ಆತನ ಕೂಡೆ ಇದ್ದವರು ೧೬ ಮಂದಿ. ದಾರಿಯಲ್ಲಿ, ನಿರೀಕ್ಷಿಸದಿದ್ದ ಎಡೆಯಲ್ಲಿ, ಸುಮಾರು ೯೦ ಮಂದಿ ಶತ್ರುಗಳೂ ಎರಡು ಕವಚದ ಗಾಡಿಗಳೂ ಎದುರಾದವು. ರಾಕೆಟ್ಟು ಹಾರಿಸಿ ಗಾಡಿಗಳನ್ನು ಕೆಡವಿದ್ದಾಯಿತು. ಆಮೇಲೆ ಹಿಂದೆಗೆದು ನೆರವಿಗಾಗಿ ಕಾಯಬಹುದಿತ್ತು. ಕಾದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಆ ೯೦ ಮಂದಿ ತಡೆಗಟ್ಟಿನವರೊಡನೆ ಕೂಡಿಕೊಂಡರೆ ಮುಖ್ಯ ದಳದ ಕಾರ್ಯವೇ ಕೆಡುವಂತಿತ್ತು. ಸಲಾರಿಯಾ ಬಯೊನೆಟ್ಟು, ಕುಕ್ರಿ, ಕೈಬಾಂಬುಗಳೊಡನೆ ಮೇಲೆ ಬಿದ್ದನು. ೪೦ ಮಂದಿ ಶತ್ರುಗಳು ಸತ್ತರು, ಉಳಿದವರು ಗಾಯಾಳುಗಳನ್ನೂ ಬಿಟ್ಟು ಓಡಿದರು. ಕೊರಳಿಗೆ ಗುಂಡು ಹೊಕ್ಕಿದ್ದರೂ ರಕ್ತ ಸೋರಿ ತಾನಾಗಿ ಕುಸಿಯುವವರೆಗೆ ಆತನು ಹೋರಾಡುತ್ತಲೇ ಇದ್ದನು. ೧೯೬೨ರಲ್ಲಿ ಮರಣೋತ್ತರವಾಗಿ ಪರಮವೀರ ಚಕ್ರವನ್ನಿತ್ತರು.

‘ಕಟಾಂಗಕ್ಕೂ ನಮಗೂ ಏನು ಸಂಬಂಧ?’ ಎಂದು ಕೇಳುವವರುಂಟು. ಪ್ರಶ್ನೆ ಅಲ್ಲಗಳೆಯತಕ್ಕದ್ದಲ್ಲ. ೧೯೧೮ರಲ್ಲಿ ನಮ್ಮ ಮೈಸೂರಿನ ಅಶ್ವದಳದವರು ಹೈಫಾದಲ್ಲಿ ಕುದುರೆಗಳನ್ನು ನುಗ್ಗಿಸಿದರು. ಅವರ ಶೌರ್ಯವು ಅವರದು, ಆದರೆ ಯುದ್ಧವು ಪರರದು, ನಮ್ಮ ಜನರನ್ನು ಕೇಳಿದವರಾರೂ ಇರಲಿಲ್ಲ. ೧೯೬೧ರ ಮಾತು ಬೇರೆ. ಕಳುಹಿಸಿದ್ದು ನಮ್ಮದೇ ಸರ್ಕಾರ, ಅದಕ್ಕೆ ಉತ್ತರವಾದದ್ದು ನಮ್ಮದೇ ಪಾರ್ಲಿಮೆಂಟು. ಕಾಂಗೋದ ತಾಮ್ರದಲ್ಲಿ ನಾವು ಪಾಲು ಕೇಳಿದವರಲ್ಲ. ಹೊಸದಾಗಿ ಬಿಡುಗಡೆ ಹೊಂದಿದ ದೇಶದ ಶ್ರೀಮಂತ ಭಾಗವನ್ನು ಹಳೆಯ ಒಡೆಯರ ಹಣವು ಕತ್ತರಿಸಿಕೊಳ್ಳುವುದನ್ನು ಸುಮ್ಮನೆ ನೋಡಿದ್ದರೆ, ನಮ್ಮ ಸ್ವಾತಂತ್ರ್ಯದ ಮಾತು ನಮ್ಮ ಹೊಸಿಲಿನೊಳಗಿನ ಮಾತಾಗಿ ನಿಲ್ಲುತ್ತಿತ್ತು. ಕಟಾಂಗದ ಪ್ರತ್ಯೇಕತೆ ೧೯೬೩ರ ಜನವರಿಯಲ್ಲಿ ಕೊನೆಗಂಡಿತು. ಕಾಂಗೋ ಅನಂತರ ಸುಖಪಟ್ಟಿತೆಂದು ನಾವು ಹೇಳಲಾರೆವು. ಆದರೆ ಅದು ಇಂದಿಗೂ ಒಂದೇ ದೇಶವಾಗಿದೆ.

ಅಂಡಮಾನಿನ ದ್ವೀಪವೊಂದಕ್ಕೆ ೨೦೨೩ರಲ್ಲಿ ಸಲಾರಿಯಾನ ಹೆಸರಿಟ್ಟಿದ್ದಾರೆ. ಸಂತೋಷವೇ, ಆದರೆ ಅಲ್ಲಿಗೆ ಹೋಗಿಬರುವವರು ಎಷ್ಟು ಮಂದಿ? ಆತನು ಸೇರಿದ ಕಾಲೇಜು ಬೇರೆ ಹೆಸರಿನಿಂದ, ರಾಷ್ಟ್ರೀಯ ಮಿಲಿಟರಿ ಶಾಲೆಯಾಗಿ, ಬೆಂಗಳೂರಿನಲ್ಲಿಯೇ ಇದೆ. ಆ ಬೀದಿಯಲ್ಲಿ ದಿನವೂ ಕಚೇರಿಗೆ ಹೋಗುವ ನಮ್ಮ ವಾಚಕರು, ಬರುವ ಡಿಸೆಂಬರ್ ೫ರಂದು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಎದೆಯ ಅಳತೆ ಸಾಲದೆ ಹೋದ ಆ ಹುಡುಗನ ಕಥೆಯನ್ನು ಅಲ್ಲಿ ಒಂದು ಗಳಿಗೆ ನಿಂತು ಹೇಳಬಹುದು.