ಗಡಂಗಿಗೆ ಧಿಕ್ಕಾರ ಕೂಗಿದೆವು, ಕುಡುಕನ ಜೊತೆ ಕೂತೆವಾ?



ಸಭೆಯಲ್ಲಿ ಮೈಕ್ ಹಿಡಿದು ಹೆಂಡದಂಗಡಿಗೆ ಧಿಕ್ಕಾರ ಕೂಗುತ್ತೇವೆ. ಸಭೆ ಮುಗಿದ ಮೇಲೆ ಬಿ.ಸಿ.ರೋಡಿನಲ್ಲಿ ಬಾರಿನ ಮೂಲೆ ಟೇಬಲ್ಲು ಹಿಡಿದು ಕವಿತೆ ಓದುತ್ತೇವೆ. ನಾನೂ ಓದಿದ್ದೇನೆ. ಕುಡಿದರೆ ಕ್ರಾಂತಿಯ ಕವಿತೆ ಚೆನ್ನಾಗಿ ಬರ್ತದೆ ಅಂತ ಯಾರೋ ನಮಗೆ ಕಲಿಸಿಬಿಟ್ಟಿದ್ದಾರೆ. ಶುದ್ಧ ಸುಳ್ಳು. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿ ನೋಡಿ.

ಆ ಟೇಬಲ್ಲಿನಲ್ಲಿ ಕೂತುಕೊಂಡೇ ನಾನು ನನ್ನ ಅಪ್ಪನನ್ನು ಕುಡುಕ ಅಂತ ಬೈದವನು. ಅಡಿಕೆ ತೋಟದ ಕೂಲಿ ಸಂಜೆಯೊಳಗೆ ಗಂಟಲಿಗೆ ಇಳಿಯುತ್ತಿತ್ತು. ನನ್ನ ಬಿ.ಎ. ಮುಗಿದದ್ದು ಅಮ್ಮ ಕಟ್ಟಿದ ಬೀಡಿಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿರುವ ನಿಮ್ಮಲ್ಲಿ ಎಷ್ಟು ಜನ ಹೀಗೆ ಓದುತ್ತಿದ್ದೀರಿ? ಕೈ ಎತ್ತಬೇಡಿ, ನನಗೆ ಗೊತ್ತುಂಟು.

ಸಂವಿಧಾನದ 47ನೆಯ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಅಂತ ಸರಕಾರಕ್ಕೆ ಹೇಳುತ್ತದೆ. ಸರಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಮದ್ಯ ನಿಲ್ಲಿಸಿ ಅಂದರು. ನಿಲ್ಲಲಿಲ್ಲ. ಈ ಹೋರಾಟ ಬೇಕು, ಇನ್ನೂ ಜೋರಾಗಿ ಬೇಕು. ಆದರೆ ಅದು ಗೆಲ್ಲುವ ತನಕ ನಿಮ್ಮ ಅಪ್ಪ, ಅಣ್ಣ, ರೂಮಿನ ಗೆಳೆಯ ಬದುಕಿರುತ್ತಾರಾ?

ನಮ್ಮ ನೆಲದಲ್ಲೇ ದಾರಿಗಳು ಉಂಟು. ಬೆಳ್ತಂಗಡಿಯಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತದೆ. ಇಂಥ ಶಿಬಿರ ಸಾವಿರಕ್ಕೂ ಹೆಚ್ಚು ಆಗಿವೆ. ಬಿಟ್ಟವರು ಮತ್ತೆ ಜಾರದಂತೆ ಆಮೇಲೆ ನವಜೀವನ ಸಮಿತಿಯ ಸಭೆ. ಇನ್ನೊಂದು ಆಲ್ಕೋಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಲ್ಲಿ ಕುಡಿತದಿಂದ ಹಾಳಾದ ಇಬ್ಬರು, ಒಬ್ಬ ಶೇರು ದಲ್ಲಾಳಿ, ಒಬ್ಬ ಸರ್ಜನ್, ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾದದ್ದು. ಫೀಸು ಇಲ್ಲ, ಸಹಿ ಇಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಪ್ರವೇಶಪತ್ರ.

ನಮ್ಮ ಸಂಗಾತಿಗಳು ಮೂಗು ಮುರಿಯುತ್ತಾರೆ: ಅಲ್ಲಿ ಭಜನೆ, ಇಲ್ಲಿ ದೇವರು, ನಮಗ್ಯಾಕೆ? ನಿಮ್ಮ ತಕರಾರು ನನ್ನದೂ ಹೌದು. ಆದರೆ ಕೇಳುತ್ತೇನೆ, ನಮ್ಮ ಹಟ್ಟಿಯಲ್ಲಿ ನೀವು ಯಾವ ಸಭೆ ನಡೆಸಿದ್ದೀರಿ ಸ್ವಾಮೀ? ಕೈ ನಡುಗುವವನಿಗೆ ನಿಮ್ಮ ಲೇಖನ ಓದಲಿಕ್ಕೆ ಆಗುವುದಿಲ್ಲ.

ಅಪ್ಪನನ್ನು ನಾನು ಕರಕೊಂಡು ಹೋದದ್ದು ಈ ಎರಡಕ್ಕೂ ಸೇರದ, ಕುಡಿತ ಬಿಟ್ಟ ನಾಲ್ಕೈದು ಜನ ತಾವೇ ನಡೆಸುತ್ತಿದ್ದ ಒಂದು ಸಣ್ಣ ಕೂಟಕ್ಕೆ. ಊರು ಹೇಳುವುದಿಲ್ಲ. ಕುರ್ಚಿ ಖಾಲಿ ಇತ್ತು, ಅಪ್ಪ ಬಾಗಿಲ ಹತ್ತಿರ ನಿಂತರು. ಕೂರಿಸಲಿಕ್ಕೆ ನಾನು ತೋಳು ಹಿಡಿದು ಎಳೆಯಬೇಕಾಯಿತು. ಒಬ್ಬೊಬ್ಬರೂ ಹೆಸರು ಹೇಳಿ, ಹೆಂಡತಿಯ ಕರಿಮಣಿ ಅಡವಿಟ್ಟದ್ದು, ಮಗಳ ಮದುವೆ ದಿನ ಚರಂಡಿಯಲ್ಲಿ ಬಿದ್ದದ್ದು ಹೇಳಿದರು. ಅಪ್ಪ ಅಳುತ್ತಿದ್ದರು. ಆಮೇಲೆ ಚಾ ಬಂತು. ಕುಡಿದ ಮೇಲೆ ಅಪ್ಪ ಎದ್ದು ಹೊರಗೆ ಹೋಗಿ ತನ್ನ ಗ್ಲಾಸು ತಾನೇ ತೊಳೆದು ಕವುಚಿ ಇಟ್ಟು ಬಂದರು. ಉಳಿದವರ ಗ್ಲಾಸು ಬೆಂಚಿನ ಮೇಲೇ ಇತ್ತು. ತೊಳಿ ಅಂತ ಯಾರೂ ಹೇಳಿರಲಿಲ್ಲ. ಬೇಡ ಅಂತಲೂ ಯಾರೂ ಹೇಳಲಿಲ್ಲ.

ಪಟ್ಟಣದಲ್ಲಿ ಹೆಸರು ಮುಚ್ಚಿಟ್ಟರೆ ಜಾತಿಯೂ ಮುಚ್ಚಬಹುದು. ವೇಣೂರು, ಸಿದ್ಧಕಟ್ಟೆ, ಪುಂಜಾಲಕಟ್ಟೆಯಲ್ಲಿ ಯಾರ ಮಗ ಯಾವ ಹಟ್ಟಿ ಅಂತ ಬಸ್ಸಿನ ಕಂಡಕ್ಟರನಿಗೂ ಗೊತ್ತು. ಉಳಿದವರು ಕುಡಿದರೆ ಅದು ಮನೆಯ ದುಃಖ, ನಾವು ಕುಡಿದರೆ ಅದು ಜಾತಿಯ ಗುಣ! ಕೊರಗಜ್ಜನಿಗೆ ಕಳ್ಳು ಇಟ್ಟು ಕೈಮುಗಿಯುವವರೇ ಕೊರಗರ ಹಟ್ಟಿಯ ವಾಸನೆಗೆ ಮೂಗು ಮುಚ್ಚುವುದನ್ನು ನೀವು ಕಂಡಿಲ್ಲವಾ?

ಆದರೂ ಅಪ್ಪ ಮರುವಾರ ಹೋದರು. ಎರಡು ಸಲ ಜಾರಿದರು, ಮತ್ತೆ ಹೋದರು. ಈಗ ಹದಿನಾಲ್ಕು ತಿಂಗಳು. ಗ್ಲಾಸು ಇನ್ನೂ ತೊಳೆಯುತ್ತಾರೆ. ಅದಕ್ಕೇ ನಾನು ಹೇಳುವುದು, ಇರುವ ಸಭೆಗೆ ಈ ವಾರವೇ ಹೋಗಿ, ನಮ್ಮ ಸಭೆಯನ್ನೂ ಶುರು ಮಾಡಿ. ಇಬ್ಬರು ಮೂವರು ಕುಡಿತದ ರೋಗಿಗಳು ಬಿಡಲಿಕ್ಕಾಗಿ ಸೇರಿದರೆ ಅದೇ ಒಂದು ಗುಂಪು ಅಂತ ಅನಾನಿಮಸ್‌ನವರ ನಿಯಮವೇ ಉಂಟು. ಯಾರ ಅಪ್ಪಣೆಯೂ ಬೇಡ. ಜಯಂತಿಯ ದಿನ ಮಾತ್ರ ಬೀಗ ತೆಗೆಯುವ ಅಂಬೇಡ್ಕರ್ ಭವನಗಳು ಎಷ್ಟಿಲ್ಲ!

ಒಂದು ಮಾತು ಮರೆಯಬೇಡಿ. ದಿನವೂ ವಿಪರೀತ ಕುಡಿಯುವವರನ್ನು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಕಿರುಚಬಹುದು, ಜೀವವೂ ಹೋಗಬಹುದು. ಅದು ದೈವದ ಕಾಟ ಅಲ್ಲ. ಮೊದಲು ಸರಕಾರಿ ಆಸ್ಪತ್ರೆಯ ಡಾಕ್ಟರು, ಆಮೇಲೆ ಸಭೆ. ಯಾರಲ್ಲಿ ಕೇಳುವುದು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಸರಕಾರದ್ದೇ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಪ್ರತಿ ಹಾಸ್ಟೆಲಿನಿಂದ ಇಬ್ಬರು ಹೊರಡಿ. ಯಾವ ಊರಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಸಭೆ ಅಂತ ವಿಚಾರಿಸಿ ನೋಟೀಸ್ ಬೋರ್ಡಿನಲ್ಲಿ ಬರೆಯಿರಿ. ಅದರ ಕೆಳಗೆ ಕಡೆಯ ಬಸ್ಸಿನ ಹೊತ್ತನ್ನೂ ಬರೆಯಿರಿ, ಬಸ್ಸು ತಪ್ಪುತ್ತದೆ ಅಂತಲೇ ಎಷ್ಟೋ ಜನ ಅರ್ಧದಲ್ಲಿ ಎದ್ದು ಹೋಗುತ್ತಾರೆ. ಮತ್ತೆ, ಚಾ ಆದ ಮೇಲೆ ಗ್ಲಾಸುಗಳನ್ನು ನೀವು ಎತ್ತಿ.