ತಂಡದ ಅಭಿಮಾನ, ಯಜಮಾನನ ಸಾಲ

2014ರ ಫೆಬ್ರುವರಿಯ ಐಪಿಎಲ್ ಹರಾಜಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡ ಯುವರಾಜ್ ಸಿಂಗ್ ಅವರನ್ನು 14 ಕೋಟಿ ರೂಪಾಯಿಗೆ ಕೊಂಡಿತು. ಮದ್ಯದ ಉದ್ಯಮಿ ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ವಿಮಾನಗಳ ಹಾರಾಟ ನಿಂತು ಆಗಲೇ ವರ್ಷ ದಾಟಿತ್ತು, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಮಲ್ಯ ಅವರ ತಂಡಕ್ಕೆ ಆಡಬೇಡಿ ಎಂದು ಆ ನೌಕರರು ಯುವರಾಜ್‌ಗೆ ಮೊರೆಯಿಟ್ಟರು. ಆಟವನ್ನು ಪ್ರೀತಿಸುವವರು ಮಾಲೀಕನ ವ್ಯವಹಾರದ ಲೆಕ್ಕ ಕೇಳಬೇಕೇ, ಬೇಡವೇ ಎಂಬ ವಾದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯಿಲ್ಲ.

ಕೇಳಲೇಬೇಕು ಎನ್ನುವವರ ಮಾತಿಗೆ ತೂಕವಿದೆ. 2008ರಲ್ಲಿ 11.16 ಕೋಟಿ ಡಾಲರ್‌ಗೆ ಕೊಂಡ ತಂಡಕ್ಕೆ ಮಲ್ಯ ಇಟ್ಟದ್ದು ತಮ್ಮ ವಿಸ್ಕಿಯ ಹೆಸರನ್ನು. ಅದಕ್ಕೂ ಹತ್ತು ವರ್ಷ ಮೊದಲು ಕೋಲ್ಕತ್ತದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಅವರ ಯುಬಿ ಸಮೂಹ ಹಣ ಹೂಡಿದಾಗಲೂ ಒಂದಕ್ಕೆ ಮೆಕ್‌ಡೊವೆಲ್, ಇನ್ನೊಂದಕ್ಕೆ ಕಿಂಗ್‌ಫಿಶರ್ ಎಂದು ಮದ್ಯದ ಹೆಸರು ಅಂಟಿತ್ತು. ಅಭಿಮಾನಿಯ ಪ್ರೀತಿಯನ್ನು ವ್ಯಾಪಾರಕ್ಕೆ ಬಳಸಿಕೊಂಡ ಮೇಲೆ, ವ್ಯಾಪಾರ ಕೆಟ್ಟಾಗ ನಿನಗೇನು ಸಂಬಂಧ ಎಂದು ಅವನನ್ನು ದೂರವಿಡುವುದು ನ್ಯಾಯವಲ್ಲ. ಸವಳಂಗದ ಮೆಕ್ಕೆಜೋಳದ ರೈತ ಬೆಳೆಸಾಲದ ಕಂತು ತಪ್ಪಿಸಿದರೆ ಬ್ಯಾಂಕಿನ ನೋಟಿಸು ಮನೆ ಬಾಗಿಲಿಗೆ ಬರುತ್ತದೆ. ಬ್ಯಾಂಕುಗಳಿಗೆ ಸುಮಾರು 9,000 ಕೋಟಿ ರೂಪಾಯಿ ಬಾಕಿಯ ಪ್ರಕರಣ ಎದುರಿಸುತ್ತಿದ್ದ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟುಹೋದರೆ, ಆ ರೈತನ ಮನೆಯಲ್ಲಿ ಕೆಂಪು ಜೆರ್ಸಿ ತೊಟ್ಟು ಪಂದ್ಯ ನೋಡುವ ಹುಡುಗನಿಗೂ ಸಿಟ್ಟು ಬರುತ್ತದೆ. ಮರುವರ್ಷ ಲಂಡನ್ನಿನ ಓವಲ್ ಮೈದಾನದಲ್ಲಿ ಭಾರತದ ಪಂದ್ಯಕ್ಕೆ ಬಂದ ಮಲ್ಯರನ್ನು ಪ್ರೇಕ್ಷಕರು ಕಳ್ಳನೆಂದು ಕೂಗಿದ್ದರಲ್ಲಿ ಇದ್ದುದೂ ಇದೇ ಸಿಟ್ಟು.

ಬೇಡ ಎನ್ನುವವರ ವಾದವೂ ಪೊಳ್ಳಲ್ಲ. ವಿಮಾನ ಕಂಪನಿಯೇ ಬೇರೆ, ತಂಡವನ್ನು ಹೊಂದಿದ್ದ ಯುನೈಟೆಡ್ ಸ್ಪಿರಿಟ್ಸ್ ಬೇರೆ. ಯುವರಾಜ್ ಹರಾಜಾದ ಹೊತ್ತಿಗೆ ಆ ಮದ್ಯದ ಕಂಪನಿಯ ಹಿಡಿತ ಬ್ರಿಟನ್ನಿನ ಡಿಯಾಜಿಯೊ ಕೈಗೆ ಹೋಗಿತ್ತು, ಮಲ್ಯ ಅಧ್ಯಕ್ಷರಾಗಿ ಉಳಿದಿದ್ದರು. ಆಟಗಾರನಿಗೆ ಕೊಟ್ಟ 14 ಕೋಟಿಯನ್ನು ವಿಮಾನ ನೌಕರರಿಂದ ಕಿತ್ತುಕೊಂಡ ಹಣ ಎನ್ನಲು ಬರುವುದಿಲ್ಲ. 2008ರಲ್ಲಿ ಗಗನಕ್ಕೇರಿದ ಇಂಧನದ ಬೆಲೆ ಮತ್ತು ಜಗತ್ತಿನ ಆರ್ಥಿಕ ಕುಸಿತ ಎಷ್ಟೋ ವಿಮಾನ ಸಂಸ್ಥೆಗಳನ್ನು ಕಂಗೆಡಿಸಿದ್ದವು. ನಷ್ಟವಾದದ್ದೇ ಅಪರಾಧವಲ್ಲ, ವಂಚನೆಯ ಆರೋಪದ ವಿಚಾರಣೆಯೂ ಮುಗಿದಿಲ್ಲ. ಮಲ್ಯ ಅವರ ಆಸ್ತಿ ಮಾರಿ ಬಂದ 14,131 ಕೋಟಿ ರೂಪಾಯಿಯನ್ನು ಸರ್ಕಾರಿ ಬ್ಯಾಂಕುಗಳಿಗೆ ಮರಳಿಸಲಾಗಿದೆ ಎಂದು 2024ರ ಡಿಸೆಂಬರ್‌ನಲ್ಲಿ ಹಣಕಾಸು ಸಚಿವೆಯೇ ಲೋಕಸಭೆಗೆ ತಿಳಿಸಿದರು. ಆಟದ ಮಟ್ಟಿಗೆ, 19 ವರ್ಷದ ವಿರಾಟ್ ಕೊಹ್ಲಿಯನ್ನು ಆರಿಸಿಕೊಂಡದ್ದು ಮಲ್ಯ ಅವರ ಕಾಲದಲ್ಲೇ. 2009 ಮತ್ತು 2011ರಲ್ಲಿ ತಂಡ ಫೈನಲ್ ತಲುಪಿದ್ದೂ ಆಗಲೇ.

ಎರಡನ್ನೂ ತೂಗಿದರೆ, ಬ್ಯಾಂಕ್ ಸಾಲದ ಮಟ್ಟಿಗೆ ಟೀಕೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಆದರೆ ಡಿಯಾಜಿಯೊದಿಂದ ಬಂದ ಹಣದಲ್ಲಿ 4 ಕೋಟಿ ಡಾಲರ್ ಅನ್ನು ಮಕ್ಕಳ ಹೆಸರಿಗೆ ವರ್ಗಾಯಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಮಲ್ಯರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದಿತು, 2022ರಲ್ಲಿ ನಾಲ್ಕು ತಿಂಗಳ ಸಜೆ ವಿಧಿಸಿತು. ಅದು ಮಾರುಕಟ್ಟೆ ತಂದ ನಷ್ಟವಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುವುದು ಸಂಬಳದ ಪ್ರಶ್ನೆ. ಬ್ಯಾಂಕಿಗೆ ಅಡಮಾನವಿತ್ತು, ವಕೀಲರಿದ್ದರು, ನ್ಯಾಯಮಂಡಳಿಯಿತ್ತು. ದುಡಿದ ನೌಕರನಿಗೆ ಇದ್ದದ್ದು ತಿಂಗಳ ಕೊನೆಯ ಸಂಬಳದ ನಂಬಿಕೆಯೊಂದೇ.

ಮಾರುಕಟ್ಟೆ ತಂದ ನಷ್ಟ ಮತ್ತು ಮಾಲೀಕನ ತಪ್ಪಿನ ನಡುವಿನ ಈ ಭೇದ ಇಂದಿಗೂ ಬೇಕು. 2025ರ ಆಗಸ್ಟ್‌ನಲ್ಲಿ ಉಕ್ಕಿನ ಉದ್ಯಮ ಜೆಎಸ್‌ಡಬ್ಲ್ಯು ಒಡೆತನದ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ, ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಅಲ್ಲಿ ಕಾರಣ ಮಾಲೀಕರ ದಿವಾಳಿಯಲ್ಲ; ಇಂಡಿಯನ್ ಸೂಪರ್ ಲೀಗ್ ನಡೆಯುವುದೇ ಅನುಮಾನವಾಗಿತ್ತು. ಹಾಗಾಗಿ ಅಲ್ಲಿ ಫುಟ್‌ಬಾಲ್ ಒಕ್ಕೂಟವನ್ನೂ ಪ್ರಶ್ನಿಸದೆ ಮಾಲೀಕರನ್ನಷ್ಟೇ ಬೈದರೆ ಟೀಕೆ ಗುರಿ ತಪ್ಪುತ್ತದೆ. ಹಾಗೆಂದು ಉಕ್ಕಿನ ದೊಡ್ಡ ಉದ್ಯಮವೊಂದು ಕೆಲವು ತಿಂಗಳ ಸಂಬಳ ಭರಿಸಲಾರದೇ ಎಂದು ಕೇಳುವುದೂ ತಪ್ಪಲ್ಲ.

ಅಭಿಮಾನಿ ಲೆಕ್ಕ ಕೇಳಬೇಕು ಎಂಬುದೇ ನನ್ನ ನಿಲುವು. ಆದರೆ ಯಾವ ಕಂಪನಿಯ ಲೆಕ್ಕ, ಯಾರಿಗೆ ಬಾಕಿ, ಕೋರ್ಟ್ ಏನು ಹೇಳಿದೆ ಎಂಬುದನ್ನು ತಿಳಿದು ಕೇಳಬೇಕು. ಮಾಲೀಕನ ತಪ್ಪಿಗೆ ಆಟಗಾರನನ್ನು ಹಳಿಯಬಾರದು. ತಂಡ ಗೆದ್ದಿತೆಂದು ಮಾಲೀಕನ ಬಾಕಿಯನ್ನು ಮನ್ನಾ ಮಾಡಲೂಬಾರದು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಿತು. ಆ ಸಂತೋಷ ಪೂರ್ತಿ ನಮ್ಮದು. ಕಿಂಗ್‌ಫಿಶರ್ ನೌಕರರು 2014ರಲ್ಲಿ ಎತ್ತಿದ ಪ್ರಶ್ನೆಗೆ ಮಾತ್ರ ಅದು ಉತ್ತರವಲ್ಲ.